ಮಾವನ ಕೋಟಿನ ಆರು ಇಂಗಾಲ

ಇಂಗಾಲದ ಮೇಲೆ ನನ್ನದೊಂದು ದೂರಿದೆ. ಯಾರಲ್ಲಿ ಕೊಡಬೇಕೆಂದು ತಿಳಿಯದೆ ನಿಮ್ಮ ಹತ್ತಿರವೇ ಹೇಳಿಕೊಳ್ಳುತ್ತಿದ್ದೇನೆ. ಜಗತ್ತಿನಲ್ಲಿ ನೂರಕ್ಕೂ ಮಿಕ್ಕಿ ಮೂಲವಸ್ತುಗಳಿವೆ. ಚಿನ್ನವಿದೆ, ತಾನಾಯಿತು ತನ್ನ ಪಾಡಾಯಿತು ಎಂದು ಇರುತ್ತದೆ. ಹೀಲಿಯಂ ಅಂತೂ ಯಾರ ತಂಟೆಗೂ ಹೋಗುವುದಿಲ್ಲ (ಅಂಥ ಅಳಿಯ ಸಿಕ್ಕರೆ ಯಾರಾದರೂ ಕಣ್ಣುಮುಚ್ಚಿ ಹೆಣ್ಣು ಕೊಟ್ಟಾರು). ಆದರೆ ಇಂಗಾಲಕ್ಕೆ ಸಿಕ್ಕಸಿಕ್ಕವರ ಕೈ ಹಿಡಿಯುವುದೇ ಕಸುಬು. ಅದಕ್ಕಿರುವುದು ನಾಲ್ಕು ಕೈ. ನಾಲ್ಕೂ ತುಂಬುವ ತನಕ ಅದಕ್ಕೆ ನೆಮ್ಮದಿಯಿಲ್ಲ. ಬೇರೆ ಯಾರೂ ಸಿಗದಿದ್ದರೆ ಪಕ್ಕದ ಇಂಗಾಲವನ್ನೇ ಹಿಡಿದುಕೊಳ್ಳುತ್ತದೆ, ಅದು ಇನ್ನೊಂದನ್ನು, ಇನ್ನೊಂದು ಮತ್ತೊಂದನ್ನು. ಹೀಗೆ ಸರಪಳಿಯಾಗಿ, ಕವಲಾಗಿ, ಬಳೆಯಾಗಿ ಬೆಳೆದು ಸಕ್ಕರೆ, ಸಾಬೂನು, ಸೀಮೆಎಣ್ಣೆ, ನೀವು, ನಾನು, ನನ್ನ ಹೆಂಡತಿ ಎಲ್ಲರೂ ಆಗಿದ್ದೇವೆ. ಈ ಸೃಷ್ಟಿರಹಸ್ಯವನ್ನು ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವರ್ಷಾನುಗಟ್ಟಲೆ ಬೋಧಿಸಿಕೊಂಡು ಬಂದವನು ನಾನು. ಅದರಿಂದ ನನಗಾದದ್ದೇನು ಎಂಬುದನ್ನು ಕೇಳಿ.

ಬೋಧಿಸಿದೆ ಎಂದೆನಲ್ಲ, ಅದು ನನ್ನ ಕಡೆಯ ಮಾತು. ಹುಡುಗಿಯರ ಕಡೆಯಿಂದ ನೋಡಿದರೆ ನಾನು ಪ್ರತಿವರ್ಷ ಹಲಗೆಯ ಮೇಲೆ ಒಂದು ಅಕ್ಷರ ಬರೆದು, ಅದರ ಸುತ್ತ ನಾಲ್ಕು ಗೆರೆ ಎಳೆದು, ಬೆವರು ಒರೆಸಿಕೊಂಡು ಹೋಗುತ್ತಿದ್ದೆ. ಆ ವರ್ಷ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ಆ ನಾಲ್ಕು ಗೆರೆ ನಿಜವಾಗಿ ಎಲ್ಲಿರುತ್ತವೆ ಸಾರ್ ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಒಳ್ಳೆಯ ಪ್ರಶ್ನೆ ಕೇಳಿದವರಿಗೆ ಎಲ್ಲ ಮೇಷ್ಟ್ರುಗಳೂ ಹೇಳುವುದನ್ನೇ ನಾನೂ ಹೇಳಿದೆ: ನಾಳೆ ಹೇಳ್ತೀನಿ, ಕೂತ್ಕೊ. ಶಾಲೆಯಲ್ಲಿ ಅಣುಗಳ ಮಾದರಿ ಮಾಡುವ ಪೆಟ್ಟಿಗೆಯೊಂದು ಇತ್ತು. ತೆಗೆದು ನೋಡಿದರೆ ಇಂಗಾಲದ ಕಪ್ಪು ಉಂಡೆಗಳೆಲ್ಲ ಯಾವ ಕಾಲದಲ್ಲೋ ಮಾಯವಾಗಿ, ಜಲಜನಕದ ಬಿಳಿ ಉಂಡೆಗಳಷ್ಟೇ ಉಳಿದಿದ್ದವು. ಗಂಡೇ ಇಲ್ಲದೆ ಮದುವೆ ಮಾಡುವುದು ಹೇಗೆ? ತಲೆ ಕೆಡಿಸಿಕೊಂಡು ಮನೆಗೆ ಬಂದೆ.

ಮನೆಯೆಂದರೆ ನಮ್ಮದು ಅರ್ಧ ಮನೆ, ಅರ್ಧ ಹೊಲಿಗೆ ಅಂಗಡಿ. ನನ್ನ ಹೆಂಡತಿ ಟೈಲರ್. ಮುಂದಿನ ಕೋಣೆಯ ಕಿಟಕಿಯ ಪಕ್ಕ ಅವಳ ಮಿಷನ್ನು, ಅದರ ಸುತ್ತ ಬಟ್ಟೆಯ ಗುಡ್ಡ, ಗುಡ್ಡದ ನಡುವೆ ಅಡುಗೆಮನೆಗೆ ಹೋಗಲು ಒಂದು ಕಾಲುದಾರಿ. ನನ್ನ ಭುಜದ ಅಳತೆ ದುರದೃಷ್ಟವಶಾತ್ ಊರಿನ ಅನೇಕ ಹೆಂಗಸರ ಭುಜಕ್ಕೆ ಸರಿಹೊಂದುವುದರಿಂದ ನಾನು ಎಷ್ಟೋ ಸಂಜೆಗಳನ್ನು ಅರ್ಧ ಹೊಲಿದ ಗೌನು ತೊಟ್ಟು, ಕೈ ಎರಡೂ ಅಗಲಿಸಿ, ಸ್ಟೂಲಿನ ಮೇಲೆ ನಿಂತು ಕಳೆದಿದ್ದೇನೆ. (ಒಮ್ಮೆ ಗೌನಿನ ಒಡತಿಯ ಗಂಡ, ನನ್ನ ಶಾಲೆಯ ಆಡಳಿತ ಮಂಡಳಿಯ ಸದಸ್ಯ, ಒಳಗೆ ಬಂದುಬಿಟ್ಟ. ಇಬ್ಬರೂ ಹವಾಮಾನದ ಬಗ್ಗೆ ಮಾತಾಡಿದೆವು.) ಆ ಸಂಜೆಯೂ ಹಾಗೆ ನಿಂತು ಇಳಿದಾಗ ಬರಿಗಾಲಿಗೆ ಏನೋ ಒತ್ತಿತು. ಎತ್ತಿ ನೋಡಿದೆ. ಒಂದು ಗುಂಡಿ. ಅದಕ್ಕೆ ನಾಲ್ಕು ತೂತು.

ನಾಲ್ಕು ತೂತು! ನಾನು ಅದನ್ನು ದೀಪಕ್ಕೆ ಹಿಡಿದು ನೋಡಿದ ರೀತಿಯನ್ನು ಕಂಡು ನನ್ನ ಹೆಂಡತಿ, ಗೌನು ಬಿಚ್ಚಿ ಆಮೇಲೆ ನಗಿ ಎಂದಳು. ನನಗೆ ಕೇಳಿಸಲಿಲ್ಲ. ನಾಲ್ಕು ತೂತಿನ ಗುಂಡಿ ಇಂಗಾಲ. ಎರಡು ತೂತಿನ ಶರಟು ಗುಂಡಿ ಆಮ್ಲಜನಕ. ಹಿಂದೆ ಒಂದೇ ಕೊಂಡಿ ಇರುವ ಮುತ್ತಿನಂಥ ಗಾಜಿನ ಗುಂಡಿ ಜಲಜನಕ. ಸಮಸ್ತ ಸಾವಯವ ರಸಾಯನಶಾಸ್ತ್ರ ನನ್ನ ಹೆಂಡತಿಯ ಡಬ್ಬಗಳಲ್ಲಿ ಬಣ್ಣಬಣ್ಣವಾಗಿ ತುಂಬಿಕೊಂಡಿತ್ತು. ಇಷ್ಟು ವರ್ಷ ಅದರ ಮೇಲೆ ಕಾಲಿಟ್ಟುಕೊಂಡು ಓಡಾಡಿದ್ದೆ.

ಈಗ ಕೋಟಿನ ವಿಷಯ ಹೇಳಬೇಕು. ನನ್ನ ಮಾವ ರೈಲಿನಲ್ಲಿ ಟಿಕೆಟ್ ಕಲೆಕ್ಟರ್ ಆಗಿದ್ದವರು. ಅವರ ಕಪ್ಪು ಕೋಟು, ಕತ್ತು ಮುಚ್ಚುವಂಥದ್ದು, ಮೇಲಿನಿಂದ ಕೆಳಗೆ ಒಂದೇ ಸಾಲಿನಲ್ಲಿ ದೊಡ್ಡ ದೊಡ್ಡ ಆರು ಗುಂಡಿಯದು, ಅವರು ಹೋದ ಮೇಲೆ ನಮ್ಮ ಟ್ರಂಕು ಸೇರಿತ್ತು. ನುಸಿಗುಳಿಗೆಗಳ ನಡುವೆ ಭದ್ರವಾಗಿತ್ತು. (ನುಸಿಗುಳಿಗೆಯೆಂದರೆ ಬೆನ್ನಿಗೆ ಬೆನ್ನು ಅಂಟಿಸಿಕೊಂಡ ಎರಡು ಇಂಗಾಲದ ಬಳೆ. ನಮ್ಮ ಮನೆಯಲ್ಲಿ ಇದನ್ನು ಹೇಳಿದರೆ ಕೇಳುವವರಿಲ್ಲ.) ನಮ್ಮ ಮಗಳಿಗೆ ಆ ವರ್ಷ ಅದೇ ಕೆಲಸ ಸಿಕ್ಕಿತು. ಟಿಕೆಟ್ ಕಲೆಕ್ಟರ್. ಸೋಮವಾರ ಬೆಳಿಗ್ಗೆ ಮೊದಲ ದಿನದ ಡ್ಯೂಟಿ. ಸುದ್ದಿ ಬಂದ ದಿನ ನನ್ನ ಹೆಂಡತಿ ಟ್ರಂಕು ತೆಗೆದು, ಕೋಟನ್ನು ಮಡಿಲಲ್ಲಿಟ್ಟುಕೊಂಡು ಸುಮಾರು ಹೊತ್ತು ಕೂತಿದ್ದಳು. ಆಮೇಲೆ ಕಣ್ಣೊರೆಸಿಕೊಂಡು ಟೇಪು ಎತ್ತಿಕೊಂಡಳು. ಅಪ್ಪನ ಕೋಟನ್ನೇ ಮಗಳ ಅಳತೆಗೆ ಇಳಿಸುತ್ತೇನೆ. ಬಟ್ಟೆ ಅದೇ, ಲೈನಿಂಗು ಅದೇ, ಗುಂಡಿ ಅದೇ. ಮೊದಲನೇ ದಿನ ಅವಳು ಅದನ್ನೇ ತೊಟ್ಟು ಹೋಗಬೇಕು ಎಂದಳು. ಬಾಯಿಬಿಟ್ಟು ಏನನ್ನೂ ಕೇಳುವವಳಲ್ಲ ನನ್ನ ಹೆಂಡತಿ. ಅವಳಿಗೆ ಬೇಕಾಗಿದ್ದದ್ದು ಅದೊಂದೇ.

ಮಗ್ಗುಲು ಬಿಚ್ಚಿ, ತೋಳು ಮೋಟು ಮಾಡಿ ಇಸ್ತ್ರಿ ಹಾಕಬೇಕಾದ್ದರಿಂದ ಆರೂ ಗುಂಡಿಗಳನ್ನು ಕತ್ತರಿಸಿ ಮಿಷನ್ನಿನ ಸಣ್ಣ ಡ್ರಾಯರಿನಲ್ಲಿ ಇಟ್ಟಿದ್ದಳು. ಅದನ್ನು ಊಟದ ಹೊತ್ತಿನಲ್ಲಿ ನನಗೆ ಹೇಳಿದ್ದಳಂತೆ. ನಾನು ಹೂಂ ಅಂದಿದ್ದೆನಂತೆ. ಇರಬಹುದು. ಗಂಡಂದಿರ ಹೂಂಗೆ ಏನು ಬೆಲೆ ಎಂಬುದು ಗಂಡಂದಿರಿಗೆ ಗೊತ್ತು. ನಾನು ಆ ಹೊತ್ತಿನಲ್ಲಿ ಮನಸ್ಸಿನಲ್ಲೇ ಬೆಂಜೀನ್ ಕಟ್ಟುತ್ತಿದ್ದೆ.

ಬೆಂಜೀನ್ ಎಂದರೆ ಆರು ಇಂಗಾಲಗಳು ಕೈಕೈ ಹಿಡಿದು ನಿಂತ ಬಳೆ. ಒಂದೊಂದು ಇಂಗಾಲವೂ ಒಂದು ಕಡೆಯವರಿಗೆ ಒಂದು ಕೈ, ಇನ್ನೊಂದು ಕಡೆಯವರಿಗೆ ಎರಡು ಕೈ ಕೊಟ್ಟು, ಉಳಿದ ನಾಲ್ಕನೆಯದರಲ್ಲಿ ಒಂದು ಜಲಜನಕವನ್ನು ಹಿಡಿದುಕೊಂಡಿರುತ್ತದೆ. ಒಂದು ಕೈಯೂ ಖಾಲಿಯಿಲ್ಲ, ಒಂದು ಕೈಯೂ ಹೆಚ್ಚಿಲ್ಲ. ಇದನ್ನು ತೋರಿಸಲು ಒಂದೇ ಅಚ್ಚಿನ ಆರು ದೊಡ್ಡ ಗುಂಡಿ ಬೇಕು. ನನ್ನ ಹೆಂಡತಿ ಯಾರಿಗೋ ಬಟ್ಟೆ ಕೊಟ್ಟುಬರಲು ಹೋಗಿದ್ದಾಗ ಡಬ್ಬಗಳನ್ನೆಲ್ಲ ಜಾಲಾಡಿದೆ. ನೀಲಿ ಐದು ಸಿಕ್ಕವು, ಕಂದು ನಾಲ್ಕು. ಕೊನೆಗೆ ಮಿಷನ್ನಿನ ಡ್ರಾಯರು ಎಳೆದರೆ, ಆಹಾ, ಕಪ್ಪಗೆ, ದಪ್ಪಗೆ, ಒಂದೇ ತಾಯಿಯ ಮಕ್ಕಳಂತೆ ಆರು. ಪ್ರಕೃತಿಯೇ ನನಗಾಗಿ ಎಣಿಸಿ ಇಟ್ಟಂತಿತ್ತು. ಎಣಿಸಿ ಇಟ್ಟವಳು ಪ್ರಕೃತಿಯಲ್ಲ ಎಂದು ಆಗಲೇ ಹೊಳೆದಿದ್ದರೆ ಈ ಕಥೆಯನ್ನು ನೀವು ಕೇಳಬೇಕಾಗಿ ಬರುತ್ತಿರಲಿಲ್ಲ.

ದಾರದಲ್ಲಿ ಪೋಣಿಸಿ ನೋಡಿದೆ, ಬಳೆ ಜೋಲುಬಿತ್ತು. ಹಾಗಾಗಿ ಹಲ್ಲು ಚುಚ್ಚುವ ಕಡ್ಡಿಗಳನ್ನು ಕತ್ತರಿಸಿ, ತುದಿಗಳನ್ನು ತೂತಿಗೆ ಸಿಕ್ಕಿಸಿ, ಒಂದು ಹನಿ ಹಾಕಿದರೆ ಜನ್ಮಜನ್ಮಕ್ಕೂ ಬಿಡುವುದಿಲ್ಲ ಎಂದು ಹೆಸರಾದ ಆ ಅಂಟು ಹಾಕಿ ಕೂರಿಸಿದೆ. ಹೊರಸುತ್ತಿಗೆ ಆರು ಗಾಜಿನ ಮುತ್ತು. ಎಷ್ಟು ಚೆಂದ ಬಂತೆಂದರೆ, ನಾನು ಮಾಡಿದ್ದೆಂದು ನನಗೇ ನಂಬಿಕೆ ಬರಲಿಲ್ಲ. ಕೈಚೀಲದಲ್ಲಿಟ್ಟು ಗೂಟಕ್ಕೆ ನೇತುಹಾಕಿದೆ.

ಮರುದಿನದ ಪಾಠವನ್ನು ನೆನೆದರೆ ಈಗಲೂ ಎದೆ ಉಬ್ಬುತ್ತದೆ, ಉಬ್ಬಿ ತಕ್ಷಣ ಇಳಿಯುತ್ತದೆ. ಹುಡುಗಿಯರು ಬಳೆಯನ್ನು ಬೆಂಚಿನಿಂದ ಬೆಂಚಿಗೆ ದಾಟಿಸಿದರು. ಡಬ್ಬದಿಂದ ತಂದಿದ್ದ ಬಿಡಿ ಗುಂಡಿಗಳಲ್ಲಿ ತಾವೇ ಸರಪಳಿ ಕಟ್ಟಿದರು, ಕವಲು ಕಟ್ಟಿದರು. ಎರಡು ತೂತಿನ ಗುಂಡಿ ಸೇರಿಸಿ ಮದ್ಯಸಾರ ಮಾಡಿ, ಹೀಗೆ ಮಾಡಿದರೆ ಅಮಲು ಬರುತ್ತದೆಯೇ ಎಂದು ಕೇಳಿದರು. ಕೊನೆಯ ಬೆಂಚಿನ ಹುಡುಗಿ ಬಳೆಯನ್ನು ಕಣ್ಣಿನ ಹತ್ತಿರ ಹಿಡಿದು ತೂತು ಎಣಿಸಿದಳು. ಸಾರ್, ಒಂದೂ ಖಾಲಿ ಇಲ್ಲ ಎಂದಳು. ಅಷ್ಟು ವರ್ಷಗಳಲ್ಲಿ ಮೊದಲ ಸಲ ನನ್ನ ತರಗತಿಯಲ್ಲಿ ಒಬ್ಬರಿಗೆ ಅರ್ಥವಾದದ್ದು ಕಣ್ಣಿಗೆ ಕಂಡಿತು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ನಾನು ಹೆಜ್ಜೆ ನೆಲಕ್ಕೆ ತಾಗದಂತೆ ಮನೆಗೆ ಬಂದೆ.

ಬಾಗಿಲಲ್ಲೇ ನೆಲಕ್ಕೆ ತಾಗಿತು. ಮನೆ ಬುಡಮೇಲಾಗಿತ್ತು. ಮಿಷನ್ನಿನ ಡ್ರಾಯರು ಹೊರಗೆ, ಡಬ್ಬಗಳು ಬೋರಲು, ಮಗಳು ಪೊರಕೆ ಹಿಡಿದು ಮೂಲೆಮೂಲೆ ಗುಡಿಸುತ್ತಿದ್ದಳು, ನನ್ನ ಹೆಂಡತಿ ನೆಲದ ಮೇಲೆ ಕೂತು ಚಿಂದಿಯ ಗಂಟುಗಳನ್ನು ಬಿಚ್ಚುತ್ತಿದ್ದಳು. ಅಪ್ಪನ ಕೋಟಿನ ಗುಂಡಿ ಕಾಣುತ್ತಿಲ್ಲ ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. ಕೈಚೀಲ ನನ್ನ ಹೆಗಲಲ್ಲಿತ್ತು. ಅದರೊಳಗಿನ ಬೆಂಜೀನ್ ಬಳೆ ನನ್ನ ಪಕ್ಕೆಗೆ ಒತ್ತುತ್ತಿತ್ತು.

ಆ ಕ್ಷಣದಲ್ಲಿ ಹೇಳಿಬಿಡಬೇಕಿತ್ತು. ಎರಡು ಮಾತಿನ ಕೆಲಸ. ಬೈಯುತ್ತಿದ್ದಳು, ನಿಜ. ಅವಳ ಬೈಗುಳಕ್ಕೆ ಆದಿ ಇದೆ, ಮಧ್ಯವಿದೆ, ಅಂತ್ಯವೂ ಇದೆ. ಮುಗಿದ ಮೇಲೆ ಕಾಫಿ ಸಿಗುತ್ತದೆ. ಆದರೆ ನನ್ನೊಳಗಿನ ವಿಜ್ಞಾನಿ ಅಡ್ಡ ಬಂದ. ಅಂಟು ತಾನೇ, ಲ್ಯಾಬಿನಲ್ಲಿ ಅಸಿಟೋನ್ ಇದೆ, ಈ ಅಂಟನ್ನು ಕರಗಿಸುವುದಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ, ನಾಳೆ ಬಿಡಿಸಿ ತಂದು ಮಿಷನ್ನಿನ ಹಿಂದೆ ಹಾಕಿ ನಾನೇ ಹುಡುಕಿಕೊಟ್ಟರೆ ಹೊಗಳಿಕೆಯೂ ಸಿಗುತ್ತದೆ ಎಂದ. ಅವನ ಮಾತು ಕೇಳಿ ನಾನು ಚೀಲ ಗೂಟಕ್ಕೆ ಹಾಕಿ, ಪ್ಯಾಂಟು ಮಡಿಚಿ, ಎಲ್ಲರಿಗಿಂತ ಜೋರಾಗಿ ಹುಡುಕತೊಡಗಿದೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕುವುದೆಂದರೆ ಏನೆಂದು ಬಲ್ಲವನು ನಾನು. ಮಂಚದ ಕೆಳಗೆ ತೆವಳಿದೆ. ಬಚ್ಚಲ ಜಾಲರಿ ಎತ್ತಿ ಕೈ ಹಾಕಿದೆ. ನನ್ನ ಉತ್ಸಾಹ ನೋಡಿ ಮಗಳಿಗೆ ಕನಿಕರ ಬಂದು, ಸಾಕಪ್ಪ, ನಿನಗೆ ಧೂಳು ಆಗೋಲ್ಲ ಎಂದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಆ ಒಂದು ಮಾತಿಗೆ ನನ್ನ ಕಣ್ಣಲ್ಲಿ ನೀರು ಬಂತು, ಧೂಳೆಂದು ಹೇಳಿಕೊಂಡೆ.

"ಬಿಡು, ನಾಳೆ ಸಂಜೆ ಸಿಗುತ್ತೆ" ಅಂದೆ.

ನನ್ನ ಹೆಂಡತಿ ತಲೆಯೆತ್ತಿದಳು. "ಸಂಜೆಯೇ ಸಿಗುತ್ತೆ ಅಂತ ನಿಮಗೆ ಹೇಗೆ ಗೊತ್ತು?"

"ಕಳೆದುಹೋದದ್ದು ಹಾಗೇ ತಾನೇ. ಹುಡುಕೋದು ಬಿಟ್ಟಾಗ ಸಿಗುತ್ತೆ" ಎಂದು ಒಂದು ತತ್ವ ಹೇಳಿ ಕೈ ತೊಳೆಯಲು ಹೋದೆ.

ಶುಕ್ರವಾರ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಶಾಲೆಗೆ ಹೋದೆ. ಲ್ಯಾಬಿನ ಗಾಜಿನ ಪಾತ್ರೆಯಲ್ಲಿ ಬಳೆಯನ್ನಿಟ್ಟು, ಮುಳುಗುವಷ್ಟು ಅಸಿಟೋನ್ ಸುರಿದು, ಮೇಲೊಂದು ಗಾಜಿನ ಬಿಲ್ಲೆ ಮುಚ್ಚಿ ಪಾಠಕ್ಕೆ ಹೋದೆ. ಅದರ ಮೇಲೆ ಸಿಬ್ಬಂದಿ ಸಭೆಯೂ ಬಂತು. ಸಭೆಯಲ್ಲಿ ಹೆಡ್‌ಮಿಸ್ಸು ನನ್ನ ಗುಂಡಿ ಪಾಠವನ್ನು ಎಲ್ಲರೆದುರು ಮೆಚ್ಚಿದರು. ಸ್ವಂತ ಬುದ್ಧಿ ಓಡಿಸಿ, ಮನೆಯ ವಸ್ತುಗಳನ್ನೇ ಬಳಸಿ ಎಂದೆಲ್ಲ ಹೇಳಿದರು. ನಾನು ವಿನಯದಿಂದ ತಲೆ ತಗ್ಗಿಸಿದೆ. ಆಮೇಲೆ ಲ್ಯಾಬಿಗೆ ಬಂದು ಬಿಲ್ಲೆ ಎತ್ತಿದೆ.

ಬಳೆ ಇರಲಿಲ್ಲ. ಪಾತ್ರೆಯ ತಳದಲ್ಲಿ ಆರು ಗಾಜಿನ ಮುತ್ತುಗಳು ಏನೂ ಆಗದವರಂತೆ ಕೂತಿದ್ದವು. ಹಲ್ಲು ಚುಚ್ಚುವ ಕಡ್ಡಿಗಳು ಅಲ್ಲಲ್ಲಿ ಸಿಕ್ಕಿಕೊಂಡಿದ್ದವು. ಉಳಿದದ್ದೆಲ್ಲ ಕಪ್ಪು ಗಂಜಿ. ಕಡ್ಡಿಯಿಂದ ಎತ್ತಿದರೆ ನೂಲಿನ ಹಾಗೆ ಎಳೆಎಳೆಯಾಗಿ ಇಳಿಯಿತು.

ಮಾವನ ಕಾಲದ ಗುಂಡಿಗಳು ಸೆಲ್ಯುಲಾಯ್ಡಿನವು. ಹಳೆಯ ಬಾಚಣಿಗೆ, ಹಳೆಯ ಗೊಂಬೆ ಎಲ್ಲ ಅದರದ್ದೇ. ಉದ್ದುದ್ದ ಇಂಗಾಲದ ಸರಪಳಿಯ ವಸ್ತು, ಅಸಿಟೋನಿಗೆ ಬಿದ್ದರೆ ಸಕ್ಕರೆ ನೀರಿಗೆ ಬಿದ್ದ ಹಾಗೆ. ಇದನ್ನು ನಾನು ಬಲ್ಲೆ. ಪರೀಕ್ಷೆಯಲ್ಲಿ ಕೇಳಿದರೆ ಪೂರ್ತಿ ಅಂಕ ಬರುವ ಹಾಗೆ ಬರೆಯಬಲ್ಲೆ. ಆದರೆ ಗುಂಡಿಯನ್ನು ಇಂಗಾಲವೆಂದು ಹುಡುಗಿಯರಿಗೆ ತೋರಿಸಿ ತೋರಿಸಿ, ಗುಂಡಿಯೇ ಇಂಗಾಲದ್ದಿರಬಹುದು ಎಂದು ಒಮ್ಮೆಯೂ ನನ್ನ ತಲೆಗೆ ಬಂದಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು.

ಬಂದ ಬುದ್ಧಿ ಸುಮ್ಮನಿರಲಿಲ್ಲ, ಅದೇ ದೊಡ್ಡ ತಪ್ಪು. ಕರಗಿದ್ದು ನಾಶವಾಗಿಲ್ಲವಲ್ಲ, ಅಸಿಟೋನ್ ಆರಿದರೆ ಮತ್ತೆ ಗಟ್ಟಿಯಾಗಲೇಬೇಕಲ್ಲ ಎಂದಿತು. ಕಪ್ಪು ಗಂಜಿಯನ್ನು ಆರು ಪುಟ್ಟ ಗಾಜಿನ ಬಟ್ಟಲುಗಳಿಗೆ ಸಮನಾಗಿ ಹಂಚಿ ಕಿಟಕಿಯ ಬಿಸಿಲಿಗಿಟ್ಟೆ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಮೇಲ್ಪದರ ಗಟ್ಟಿಯಾಯಿತು. ಎಬ್ಬಿಸಿ ತೆಗೆದೆ. ಅವುಗಳನ್ನು ಏನೆನ್ನಬೇಕು? ದುಂಡಗೆ ಎಂದರೆ ಸುಳ್ಳಾಗುತ್ತದೆ. ಗುಳ್ಳೆ ಎದ್ದು, ಅಂಚು ಸೊಟ್ಟಗಾಗಿ, ಯಾರೋ ಅಗಿದು ಉಗುಳಿದಂತಿದ್ದವು. ತೂತು ಮಾಡಲು ಸೂಜಿ ಕಾಯಿಸಿ ಚುಚ್ಚಿದೆ. ಸೆಲ್ಯುಲಾಯ್ಡಿಗೆ ಬೆಂಕಿಯೆಂದರೆ ಪಂಚಪ್ರಾಣ ಎಂಬ ಇನ್ನೊಂದು ಸತ್ಯವೂ ನನಗೆ ಗೊತ್ತಿತ್ತು, ಅದೂ ತಡವಾಗಿ ನೆನಪಾಯಿತು. ಭುಗ್ಗೆಂದಿತು. ಒಂದು ಗುಂಡಿ ಅರ್ಧಚಂದ್ರವಾಯಿತು, ನನ್ನ ಎಡಗಡೆಯ ಹುಬ್ಬು ಅದರ ಜೊತೆಗೆ ಹೋಯಿತು. ಉಳಿದವಕ್ಕೆ ತಣ್ಣನೆಯ ಸೂಜಿಯಿಂದಲೇ ತೂತು ಕೊರೆದೆ.

ಸಂಜೆ ಮನೆಗೆ ಹೋಗಿ ಆರನ್ನೂ ಮಿಷನ್ನಿನ ಮೇಲಿಟ್ಟೆ. ಸುಳ್ಳು ಹೇಳುವ ಶಕ್ತಿ ಮುಗಿದಿತ್ತು. ಬೆಂಜೀನಿನಿಂದ ಮೊದಲುಮಾಡಿ ಎಲ್ಲವನ್ನೂ ಹೇಳಿದೆ. ಮಗಳು ಇಸ್ತ್ರಿ ಪೆಟ್ಟಿಗೆ ಹಿಡಿದಲ್ಲೇ ನಿಂತಳು. ನನ್ನ ಹೆಂಡತಿ ಮೊದಲು ಹುಬ್ಬು ನೋಡಿದಳು, ಆಮೇಲೆ ಗುಂಡಿಗಳನ್ನು ನೋಡಿದಳು, ಒಂದನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡಳು. ಅವಳು ಬಾಯಿ ತೆರೆಯುವ ಮುಂಚೆಯೇ ನಾನು ಸಮಾಧಾನ ಹೇಳಲು ಶುರುಮಾಡಿದೆ. ಮೇಷ್ಟ್ರ ಹಣೆಬರಹ, ಸಮಾಧಾನವೂ ಪಾಠವಾಗಿಬಿಡುತ್ತದೆ.

"ನೋಡು, ಒಂದೇ ಒಂದು ಬಂಧ ಮುರಿದಿಲ್ಲ ಕಣೇ. ಕರಗೋದು ಅಂದ್ರೆ ಒಡೆಯೋದಲ್ಲ. ಸರಪಳಿಗಳು ಸ್ವಲ್ಪ ಸಡಿಲಾಗಿದ್ವು, ಈಗ ಮತ್ತೆ ಒಂದಕ್ಕೊಂದು ಒರಗಿ ಕೂತಿವೆ. ಇದರಲ್ಲಿರೋ ಒಂದೊಂದು ಇಂಗಾಲವೂ ನಿಮ್ಮಪ್ಪನ ಕೋಟಿಂದೇ. ಸುಟ್ಟುಹೋದ ಆ ಅರ್ಧ ಬಿಟ್ರೆ ಲೆಕ್ಕದ ಪ್ರಕಾರ ಏನೂ ಕಳೆದುಹೋಗಿಲ್ಲ."

ಅವಳು ನಿಧಾನವಾಗಿ ಹೇಳಿದಳು: "ಹಲ್ಲು ಬರೋವಾಗ ನಾನು ಅಪ್ಪನ ತೊಡೆ ಮೇಲೆ ಕೂತು ಮೇಲಿಂದ ಎರಡನೇ ಗುಂಡಿ ಕಚ್ತಿದ್ನಂತೆ. ಗುರುತು ಬಿದ್ದಿತ್ತು. ಬದಲಾಯಿಸಿ ಅಂದ್ರೆ ಅಪ್ಪ ಬದಲಾಯಿಸ್ಲಿಲ್ಲ, ರಿಟೈರ್ ಆಗೋವರೆಗೂ ಅದನ್ನೇ ಹಾಕ್ಕೊಂಡ್ರು." ಅಂಗೈಯ ಉಂಡೆಯನ್ನು ನನ್ನ ಕಡೆ ಚಾಚಿದಳು. "ಆ ಗುರುತು ಯಾವ ಇಂಗಾಲದಲ್ಲಿದೆ? ಹುಡುಕಿ ಕೊಡಿ."

ಇಷ್ಟು ವರ್ಷ ಸಂಸಾರ ಮಾಡಿಯೂ ಆ ಹಲ್ಲಿನ ಗುರುತಿನ ವಿಷಯ ನನಗೆ ಗೊತ್ತಿರಲಿಲ್ಲ. ಅಂಟು ಹಾಕುವಾಗ ಎರಡೂ ಕಣ್ಣು ಬಿಟ್ಟುಕೊಂಡು ನೋಡಿದ್ದೆ, ಒಂದು ಗುಂಡಿಯ ಅಂಚು ಸವೆದಿದೆ ಎಂದು ಅದನ್ನು ಹುಡುಗಿಯರಿಗೆ ಕಾಣದ ಕಡೆಗೆ ತಿರುಗಿಸಿ ಕೂರಿಸಿದ್ದೆ ಕೂಡ. ತಪ್ಪಾಯಿತು ಎಂದೆ. ಬಹಳ ಸಣ್ಣ ಮಾತು ಅದು, ಹೇಳಿದ ಮೇಲೂ ಕೋಣೆಯಲ್ಲಿ ಏನೂ ಬದಲಾಗಲಿಲ್ಲ. ಮಗಳು, ಅಮ್ಮ ಬೇರೆ ಗುಂಡಿ ಹಾಕು, ನನಗೇನೂ ಪರವಾಗಿಲ್ಲ ಎಂದಳು. ನಿನಗೆ ಪರವಾಗಿಲ್ಲ ಎಂದು ಅವಳ ತಾಯಿ ಒಪ್ಪಿಕೊಂಡು, ದೀಪ ಹತ್ತಿರಕ್ಕೆ ಎಳೆದು ಹೊಲಿಯಲು ಕೂತಳು.

ಅಷ್ಟೇ. ಬೈಗುಳವಿಲ್ಲ, ಕಾಫಿಯೂ ಇಲ್ಲ. ಅವಳು ಮಾತು ಬಿಟ್ಟಳು. ಬೈಯುವ ಹೆಂಡತಿಯ ಬೆಲೆ ಬೈಗುಳ ನಿಂತ ಮೇಲೆಯೇ ತಿಳಿಯುವುದು. ಭಾನುವಾರವಿಡೀ ನಾನು ಬೈಗುಳಕ್ಕಾಗಿ ಹಂಬಲಿಸಿ ಅವಳ ಕಾಲುದಾರಿಯಲ್ಲಿ ಸುಳಿದಾಡಿದೆ. ಬೇಕೆಂದೇ ಕತ್ತರಿ ತಪ್ಪು ಜಾಗದಲ್ಲಿಟ್ಟೆ, ಒದ್ದೆ ಕಾಲಲ್ಲಿ ಬಟ್ಟೆ ತುಳಿದೆ. ಅವಳು ಬಟ್ಟೆಯನ್ನು ನನ್ನ ಕಾಲ ಕೆಳಗಿನಿಂದ ಎಳೆದುಕೊಂಡಳು, ಅಷ್ಟೇ. ಊರಲ್ಲಿದ್ದ ಗುಂಡಿ ಅಂಗಡಿಗಳನ್ನೆಲ್ಲ ಸುತ್ತಿ ಒಂದು ಹಿಡಿ ಕಪ್ಪು ಗುಂಡಿ ತಂದೆ. ಒಂದಕ್ಕೂ ಆ ದಪ್ಪವಿಲ್ಲ, ಕೆಲವಕ್ಕೆ ಮೇಲೆ ಹಡಗಿನ ಚಿತ್ರ ಬೇರೆ. ಪೊಟ್ಟಣ ಮಿಷನ್ನಿನ ಮೇಲೆ ಇಟ್ಟದ್ದು ಇಟ್ಟಲ್ಲೇ ಇತ್ತು.

ಸೋಮವಾರ ಬೆಳಿಗ್ಗೆ ಮಗಳು ಕೋಟು ತೊಟ್ಟು ಹೊರಗೆ ಬಂದಳು. ಭುಜದ ಮೇಲೆ ಅಚ್ಚಿಟ್ಟಂತೆ ಕೂತಿತ್ತು. ಎದೆಯ ಮೇಲೆ ಕಪ್ಪು, ದಪ್ಪ, ಗಂಭೀರ ಗುಂಡಿಗಳು ಆರು. ಎಲ್ಲಿಂದ ಬಂದವು ಎಂದು ಬೆರಗಾಗಿ ನೋಡಿದೆ, ಎಲ್ಲೋ ಕಂಡಂತಿತ್ತು. ನನ್ನ ಮದುವೆಯ ಕೋಟು ನೆನಪಾಯಿತು. ನನ್ನ ಹೆಂಡತಿ ಮದುವೆಗೆ ಮುಂಚೆ ತನ್ನಪ್ಪನ ಕೋಟಿನ ಮಾದರಿಯಲ್ಲೇ, ಕತ್ತು ಮುಚ್ಚುವಂತೆ, ತನ್ನ ಕೈಯಾರೆ ಹೊಲಿದುಕೊಟ್ಟದ್ದು. ನನಗಿರುವುದು ಅದೊಂದೇ ಕೋಟು. ಗೂಟದ ಹತ್ತಿರ ಹೋಗಿ ನೋಡಿದೆ. ನನ್ನ ಕೋಟಿನ ಮೇಲೆ ಆ ಆರು ಉಂಡೆಗಳು, ನಾಲ್ಕೆಳೆ ದಾರದಲ್ಲಿ, ಯಾವ ಜನ್ಮಕ್ಕೂ ಬಿಡದಂತೆ ಬಿಗಿದು ಕೂತಿದ್ದವು. ಅರ್ಧಚಂದ್ರ ಕತ್ತಿನ ಹತ್ತಿರ, ಎಲ್ಲರಿಗೂ ಕಾಣುವ ಜಾಗದಲ್ಲಿ.

ಪತ್ರದಲ್ಲಿ ಬರೆದರೂ ಇಷ್ಟು ಸ್ಪಷ್ಟವಾಗುತ್ತಿರಲಿಲ್ಲ. ಚಳಿಯೂ ಇತ್ತು, ಧೈರ್ಯವಂತೂ ಇರಲಿಲ್ಲ. ತೊಟ್ಟುಕೊಂಡೆ. ಒಂದೊಂದು ಉಂಡೆಯನ್ನೂ ಕಾಜಾದಲ್ಲಿ ತೂರಿಸಲು ಬೆವರು ಬಂತು. ಮಗಳ ಮೊದಲ ರೈಲಿನಲ್ಲಿ ನಾವಿಬ್ಬರೂ ಮುಂದಿನ ಊರಿನವರೆಗೆ ಹೋಗಿಬರುವುದೆಂದು ಮೊದಲೇ ಆಗಿತ್ತು. ತನ್ನ ಕೆಲಸಕ್ಕೆ ತೊಡಕಾಗಬಾರದು, ಗುರುತು ತೋರಿಸಬಾರದು ಎಂದು ಮಗಳು ಇಬ್ಬರಿಗೂ ಹೇಳಿದ್ದಳು. ಮೊದಲ ದಿನ ಹಿರಿಯ ಅಧಿಕಾರಿಯೊಬ್ಬರು ಬೆನ್ನ ಹಿಂದೆಯೇ ಇದ್ದು ನೋಡುತ್ತಾರಂತೆ. ನಿಲ್ದಾಣದಲ್ಲಿ ನನ್ನ ಹೆಂಡತಿ ಒಂದೇ ಟಿಕೆಟ್ ಕೊಂಡಳು. ನಾನು ಅವಳ ಹಿಂದೆ ಸಾಲಿನಲ್ಲಿ ನಿಂತು ನನ್ನದನ್ನು ಕೊಂಡೆ. ಕತ್ತಿನ ಹತ್ತಿರ ಎರಡು ಗುಂಡಿ ಬಿಚ್ಚಿ, ಟಿಕೆಟ್ಟನ್ನು ಒಳಜೇಬಿಗೆ ಹಾಕಿ, ಮತ್ತೆ ಕಷ್ಟಪಟ್ಟು ಹಾಕಿಕೊಂಡೆ.

ಬೋಗಿ ತುಂಬಿತ್ತು. ನನಗೆ ಸಿಕ್ಕದ್ದು ಕಿಟಕಿಯ ಪಕ್ಕ, ಬೆಳಗಿನ ಬಿಸಿಲು ನೇರ ಎದೆಯ ಮೇಲೆ. ಪಕ್ಕದಲ್ಲಿ ನನ್ನ ಹೆಂಡತಿ, ನಮ್ಮಿಬ್ಬರ ನಡುವೆ ಅವಳ ಚೀಲ. ರೈಲು ಹೊರಟ ಸ್ವಲ್ಪ ಹೊತ್ತಿಗೆ ಬೋಗಿಯ ಆ ತುದಿಯಲ್ಲಿ ಕಪ್ಪು ಕೋಟು ಕಾಣಿಸಿತು. ಅದರ ಹಿಂದೆ ಇನ್ನೊಂದು ಕಪ್ಪು ಕೋಟು, ದಪ್ಪ ಮೀಸೆ. ಮಗಳು ಒಬ್ಬೊಬ್ಬರನ್ನೇ ಕೇಳುತ್ತ ಬರುತ್ತಿದ್ದಳು, ದನಿಯಲ್ಲಿ ನಡುಕ ಅಡಗಿಸಿಕೊಂಡು. ಅವಳನ್ನು ಕಾಯಿಸಬಾರದೆಂದು ಟಿಕೆಟ್ ತೆಗೆದಿಟ್ಟುಕೊಳ್ಳಲು ಕತ್ತಿಗೆ ಕೈ ಹಾಕಿದೆ. ಗುಂಡಿ ಬರಲಿಲ್ಲ.

ಎಳೆದೆ. ಕೋಟೇ ಎದ್ದು ಬಂತು. ಅಯ್ಯೋ ಎಂದುಕೊಂಡೆ, ವಿಷಯ ಕೂಡಲೇ ತಿಳಿಯಿತು. ಈಚೆಗೆ ನನಗೆ ಎಲ್ಲವೂ ಕೂಡಲೇ ತಿಳಿಯುತ್ತದೆ, ಐದು ನಿಮಿಷ ತಡವಾಗಿ. ಮೇಲ್ಪದರ ಆರಿತ್ತು, ಒಳಗೆ ಹಸಿಯಿತ್ತು. ಒಳಗೆ ಉಳಿದ ಅಸಿಟೋನ್ ಮೈಬಿಸಿಗೆ, ಬಿಸಿಲಿಗೆ ಮೇಲೆ ಬಂದು, ಉಂಡೆಗಳು ಮತ್ತೆ ಅಂಟಾಗಿ, ಮೇಲಿನ ಅಂಚನ್ನೂ ಕೆಳಗಿನ ಅಂಚನ್ನೂ ಸೇರಿಸಿ ಹಿಡಿದುಬಿಟ್ಟಿದ್ದವು. ಆರಕ್ಕೆ ಆರೂ. ಎದುರಿನ ಸೀಟಿನ ಅಜ್ಜಿ ಬೋರು ಕಳೆಯಲು ಏನೋ ಸಿಕ್ಕಿತೆಂಬಂತೆ ಕನ್ನಡಕ ಹಾಕಿಕೊಂಡು ನೋಡಿದಳು. ಕೆಳಗಿನಿಂದ ಕೈ ತೂರಿಸಿ ನೋಡಿದೆ, ಒಳಜೇಬು ಕತ್ತಿನ ಹತ್ತಿರ, ಕೈ ಹೊಟ್ಟೆಯ ಹತ್ತಿರವೇ ಸಿಕ್ಕಿಕೊಂಡಿತು. ಆ ಭಂಗಿಯಲ್ಲಿರುವಾಗ ಮಗಳು ಬಂದಳು.

"ಟಿಕೆಟ್ ತೋರ್ಸಿ ಸಾರ್" ಎಂದಳು. ನನ್ನ ಹುಬ್ಬು ನೋಡಲಿಲ್ಲ, ಗುಂಡಿಗಳನ್ನು ನೋಡಿದಳು.

"ಒಳಜೇಬಲ್ಲಿದೆ. ಕೋಟು ಬಿಚ್ಚೋಕೆ ಆಗ್ತಿಲ್ಲ" ಎಂದೆ.

ಹಿಂದಿದ್ದ ಮೀಸೆಯವರು ನಕ್ಕರು. ಹೊಲದಲ್ಲಿ ಬಿತ್ತು, ಹಸು ತಿಂತು, ಗಾಳಿಗೆ ಹಾರಿತು ಎಂಬುದನ್ನೆಲ್ಲ ಕೇಳಿದ್ದೇನೆ, ಕೋಟು ಬಿಚ್ಚಲಾಗುವುದಿಲ್ಲ ಎಂಬುದು ಇದೇ ಮೊದಲು ಎಂದರು. ಮಗಳ ಮುಖ ಬಿಳಿಚಿಕೊಂಡಿತು. ಈಗ ಅವಳು ನನ್ನನ್ನು ಬಿಟ್ಟರೆ ಅವರ ಕಣ್ಣಲ್ಲಿ ಸಡಿಲ, ಅಪ್ಪನೆಂದು ಗೊತ್ತಾದರೆ ಇನ್ನೂ ಕೆಟ್ಟದು. ಮೊದಲ ದಿನವೇ ಸಂಬಂಧಿಕರನ್ನು ಪುಕ್ಕಟೆ ಕರೆತಂದಳೆಂಬ ಹೆಸರು ಬರುತ್ತದೆ. ಅವಳಿಗಿಂತ ಮುಂಚೆ ಮೀಸೆಯವರೇ ನನ್ನ ಹೆಂಡತಿಯ ಕಡೆ ತಿರುಗಿದರು.

"ಏನಮ್ಮ, ಇವರು ನಿಮ್ಮ ಜೊತೆಯವರಾ?"

ಶನಿವಾರದ ನಂತರ ಮೊದಲ ಸಲ ಅವಳು ನನ್ನ ಮುಖ ನೋಡಿದಳು. ಸುಟ್ಟ ಹುಬ್ಬನ್ನು, ಕತ್ತಿನ ಅರ್ಧಚಂದ್ರವನ್ನು, ಕೋಟಿನ ಕೆಳಗೆ ಸಿಕ್ಕಿಕೊಂಡ ಕೈಯನ್ನು ನೋಡಿದಳು. ಆಮೇಲೆ ಮಗಳನ್ನು ನೋಡಿದಳು.

"ಅಲ್ಲ ಸಾರ್. ಯಾರೋ ಏನೋ, ನಂಗೆ ಗೊತ್ತಿಲ್ಲ" ಎಂದು ತನ್ನ ಟಿಕೆಟ್ ತೋರಿಸಿದಳು.

"ಹೌದು, ನಾನು ಒಬ್ಬನೇ ಬಂದದ್ದು" ಎಂದೆ. ಆ ಮಾತು ಬಾಯಿಂದ ಹೊರಟಾಗ ಅದು ಸುಳ್ಳಲ್ಲವೆಂದೂ ಅನಿಸಿತು.

ಮಗಳು ದಂಡದ ರಸೀತಿ ಬರೆದಳು. ನಾನು ಪ್ಯಾಂಟಿನ ಜೇಬಿನಿಂದ ಹಣ ಕೊಟ್ಟೆ. ಇನ್ನು ಮೇಲೆ ಟಿಕೆಟ್ ಕೈಗೆ ಸಿಗೋ ಹಾಗೆ ಇಟ್ಕೊಳ್ಳಿ ಸಾರ್ ಎಂದಳು; ಈಗ ದನಿಯಲ್ಲಿ ನಡುಕವಿರಲಿಲ್ಲ. ಮೀಸೆಯವರು ಮೆಚ್ಚಿ ತಲೆಯಾಡಿಸಿದರು, ಮುಲಾಜಿಲ್ಲ ಹುಡುಗಿಗೆ ಎಂದರು. ಇಬ್ಬರೂ ಮುಂದೆ ಹೋದರು. ಹಿಂದಿನಿಂದ ನೋಡಿದರೆ ಆ ಭುಜ, ಆ ನಡಿಗೆ, ಒಂದು ಗಳಿಗೆ ಮಾವನೇ ಹೋಗುತ್ತಿದ್ದಂತೆ ಕಂಡಿತು. ಪಕ್ಕಕ್ಕೆ ನೋಡಿದೆ. ನನ್ನ ಹೆಂಡತಿಯೂ ಅದನ್ನೇ ನೋಡುತ್ತಿದ್ದಳು, ಕೆನ್ನೆ ಒದ್ದೆಯಾಗಿತ್ತು.

"ಥೇಟ್ ನಮ್ಮಪ್ಪ" ಎಂದಳು.

ನನಗೆ ಜೀವ ಬಂದಂತಾಯಿತು. ಚೀಲದ ಮೇಲಿಂದ ಅವಳ ಕಡೆ ಬಾಗಿ, ಹೌದು, ಥೇಟ್ ಮಾವನೇ ಎಂದೆ.

"ನಿಮಗೆ ಹೇಳ್ಲಿಲ್ಲ" ಎಂದಳು ಅವಳು, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ. "ನೀವ್ಯಾರೋ ನಂಗೆ ಗೊತ್ತಿಲ್ಲ ಅಂತ ಈಗ ತಾನೇ ಹೇಳಿದ್ನಲ್ಲ."